ಕೀಮಾ ಅನ್ನದ ಮಳೆಗಾಲ

ಕಳೆದ ತಿಂಗಳು ಕುಲಶೇಖರದ ಹತ್ತಿರ ಹೊಸದಾಗಿ ತೆರೆದ ಅಂಗಡಿಯೊಂದಕ್ಕೆ ಮಗಳ ಜೊತೆ ಹೋಗಿದ್ದೆ. ಫ್ರೀಜರಿನ ಗಾಜು ಸರಿಸಿ ಹಸಿ ಬಟಾಣಿ ಹುಡುಕುತ್ತಿದ್ದಾಗ ಕೈಗೊಂದು ಗಟ್ಟಿ ಪ್ಯಾಕೆಟ್ಟು ಸಿಕ್ಕಿತು. ಮೇಲೆ ಕೊರಳು ಜೋತುಬಿದ್ದ ದೊಡ್ಡ ಹಕ್ಕಿಯ ಚಿತ್ರ, ಅದರ ಕೆಳಗೆ ಟರ್ಕಿ ಕೀಮಾ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಹೆಸರು ಎಷ್ಟೋ ಸಲ ಕೇಳಿದ್ದೆ, ಕೈಯಲ್ಲಿ ಹಿಡಿದದ್ದು ಅವತ್ತೇ ಮೊದಲು. ಧನ್ಯಾ ನನ್ನ ಭುಜದ ಮೇಲಿಂದ ಬಗ್ಗಿ ನೋಡಿ, "ಅಮ್ಮ, ಪಪ್ಪ ಹೇಳ್ತಿದ್ದದ್ದು ಇದೇ ಅಲ್ವಾ?" ಎಂದು ಕೇಳಿದಳು. ನಾನು ಹೌದೆಂದೆ. ತೆಗೆದುಕೊಳ್ಳಲಿಲ್ಲ. ಆದರೆ ಮನೆಗೆ ಬಂದ ಮೇಲೂ ಬೆರಳ ತುದಿಯ ಆ ಚಳಿ ಹೋಗಲಿಲ್ಲ, ಆ ಒಂದು ಮಳೆಗಾಲವೂ ತಲೆಯಿಂದ ಇಳಿಯಲಿಲ್ಲ.

ಆಗ ಧನ್ಯಾ ಐದನೇ ಕ್ಲಾಸು. ನಾವು ಶಕ್ತಿನಗರದಲ್ಲಿ ಒಂದು ಬಾಡಿಗೆ ಮನೆಯ ಕೆಳಗಿನ ಭಾಗದಲ್ಲಿದ್ದೆವು. ಮೇಲಿನ ಭಾಗದಲ್ಲಿ ಮೈಮೂನಾ ಇದ್ದಳು, ಎಲ್‌ಕೆಜಿಗೆ ಹೋಗುವ ಮಗ ರಿಫಾನ್‌ನ ಜೊತೆ. ನನ್ನ ಗಂಡ ಜಗದೀಶ, ಅವಳ ಗಂಡ ಹಮೀದ್ ಇಬ್ಬರೂ ಗಲ್ಫಿನಲ್ಲಿ ಒಂದೇ ಕಂಪನಿಯಲ್ಲಿ ಏಸಿ ರಿಪೇರಿಯ ಕೆಲಸಕ್ಕಿದ್ದರು. ಒಂದೇ ರೂಮು, ಊರೂ ಒಂದೇ. ಹಮೀದ್ ಮನೆ ಹುಡುಕುತ್ತಿದ್ದಾನೆ ಎಂದು ತಿಳಿದಾಗ, ನಮ್ಮ ಮೇಲಿನದು ಖಾಲಿ ಉಂಟು ಎಂದು ಹೇಳಿ ಕಳಿಸಿದವರು ನನ್ನ ಯಜಮಾನರೇ.

ನಾನು ಹಂಪನಕಟ್ಟೆಯ ಒಂದು ಸೀರೆ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದೆ. ದಿನವಿಡೀ ನಿಂತು ಸೀರೆ ಬಿಡಿಸುವುದು, ಮಡಚುವುದು. ಮೈಮೂನಾ ರಕ್ತಪರೀಕ್ಷೆಯ ಲ್ಯಾಬೊಂದರ ರಿಸೆಪ್ಷನ್ನಿನಲ್ಲಿದ್ದಳು. ಸಂಜೆ ಇಬ್ಬರಿಗೂ ಒಂದೇ ಬಸ್ಸು. ಮಳೆಗಾಲದಲ್ಲಿ ಆ ಬಸ್ಸಿನೊಳಗೆ ನೆನೆದ ಕೊಡೆಗಳ ವಾಸನೆ, ಸೀಟಿನ ಮೇಲೆ ನೀರು, ಕಿಟಕಿಯ ಟರ್ಪಾಲು ಗಾಳಿಗೆ ಬಡಿಯುವ ಸದ್ದು. ಮನೆ ಸೇರುವಷ್ಟರಲ್ಲಿ ಕಾಲು ಸೋತು ಮಾತೂ ಬೇಡವಾಗುತ್ತಿತ್ತು. ಮಕ್ಕಳು ಮಾತ್ರ ಬಾಗಿಲಲ್ಲೇ ನಿಂತು "ಇವತ್ತು ಎಂತ?" ಎಂದು ಕೇಳುತ್ತಿದ್ದರು.

ಆ ಪ್ರಶ್ನೆಗೆ ಉತ್ತರ ಸುಲಭವಿರಲಿಲ್ಲ. ಜೂನ್ ಬಂತೆಂದರೆ ಮೀನಿನ ಬೋಟುಗಳೆಲ್ಲ ದಡಕ್ಕೆ. ಬಂಗುಡೆಯನ್ನೂ ಮುಟ್ಟಲಾಗದಷ್ಟು ರೇಟು. ಕುಚ್ಚಲಕ್ಕಿ ಬೇಯಲು ಗಂಟೆಗಟ್ಟಲೆ ಬೇಕು, ಮಸಾಲೆಗೆ ತೆಂಗಿನಕಾಯಿ ತುರಿದು ಅರೆಯಬೇಕು. ಫೋನಿನಲ್ಲಿ ಒಂದು ದಿನ ಇದನ್ನೆಲ್ಲ ಹೇಳಿ ಗೊಣಗಿದೆ. ಯಜಮಾನರು ನಕ್ಕರು.

"ನಾವು ಇಲ್ಲಿ ಕೆಲಸ ಮುಗಿಸಿ ಬಂದು ಅರೀತಾ ಕೂತ್ಕೊಳ್ತೇವಾ? ಶುಕ್ರವಾರ ಕಾಲ್ ಮಾಡ್ತೇನೆ. ನೋಡಿ ಕಲಿ."

ಶುಕ್ರವಾರ ಅವರಿಗೆ ರಜೆ. ಫೋನನ್ನು ಎಲ್ಲೋ ಒರಗಿಸಿಟ್ಟು ಅಡಿಗೆ ತೋರಿಸಿದರು. ಅಲ್ಲಿ ಟರ್ಕಿ ಕೋಳಿಯ ಕೀಮಾ ಫ್ರೋಜನ್ ಪ್ಯಾಕೆಟ್ಟಿನಲ್ಲಿ ಎಲ್ಲಕ್ಕಿಂತ ಅಗ್ಗ. ಎಲುಬಿಲ್ಲ, ತೊಳೆದು ಕತ್ತರಿಸುವ ಕೆಲಸವಿಲ್ಲ. ಯಜಮಾನರ ಬಲಗೈ ಹೆಬ್ಬೆರಳು ಮುಕ್ಕಾಲೇ ಇತ್ತು. ಹುಡುಗನಾಗಿದ್ದಾಗ ಬೋಳಾರದ ಕಡೆ ಹಂಚಿನ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದು, ಯಂತ್ರಕ್ಕೆ ಸಿಕ್ಕಿ ಹೋದದ್ದು. ಆ ಮೊಂಡು ಬೆರಳಲ್ಲೇ ಚಾಕು ಒತ್ತಿ ಹಿಡಿದು ಈರುಳ್ಳಿಯನ್ನು ಎಷ್ಟು ಸಣ್ಣಗೆ ಹೆಚ್ಚುತ್ತಿದ್ದರು!

"ಮೊದಲು ಬಾಣಲೆ ಚೆನ್ನಾಗಿ ಕಾಯ್ಬೇಕು. ಕೀಮಾ ಹಾಕಿದ ಕೂಡ್ಲೇ ಕೈ ಆಡಿಸ್ಬೇಡ. ನೀರು ಬಿಡ್ತದೆ, ಆ ನೀರು ಆರ್ಬೇಕು. ಅಡಿಯಲ್ಲಿ ಕೆಂಪಾದ ಮೇಲೆ ಮಗುಚು. ಆಮೇಲೆ ಈರುಳ್ಳಿ, ಬೆಳ್ಳುಳ್ಳಿ, ಕಾಯಿಮೆಣಸು. ಕ್ಯಾಬೇಜ್ ಉಂಟಾದ್ರೆ ಕ್ಯಾಬೇಜ್, ಬೀನ್ಸ್ ಉಂಟಾದ್ರೆ ಬೀನ್ಸ್."

"ತೆಂಗಿನಕಾಯಿ ಯಾವಾಗ?"

"ತೆಂಗಿನಕಾಯಿಯೇ ಇಲ್ಲ ಮಾರಾಯ್ತಿ."

"ತೆಂಗಿನಕಾಯಿ ಇಲ್ಲದ್ದು ಎಂತ ಅಡಿಗೆ?"

ಹಿಂದಿನ ಮಂಚದಿಂದ ಹಮೀದ್ ತಲೆ ಎತ್ತಿ, "ಅಕ್ಕ, ಸೋಯಾ ಸಾಸ್ ಒಂದು ಚಮಚ ಸಾಕು. ಇವರ ಮಾತು ಕೇಳ್ಬೇಡಿ, ಇವರು ಬಾಟ್ಲಿಯೇ ಮುಗಿಸ್ತಾರೆ" ಎಂದರು. ಮೇಲೆ ಕಾಳುಮೆಣಸಿನ ಪುಡಿ, ಒಂದು ಹೋಳು ಲಿಂಬೆ. ಬಿಸಿ ಅನ್ನ ಬೋಗುಣಿಗೆ ಹಾಕಿ, ಅದರ ಮೇಲೆ ಕೀಮಾ ಸುರಿದು, ಮಂಚದ ಮೇಲೆ ಕಾಲು ಮಡಚಿ ಕೂತು ಇಬ್ಬರೂ ಚಮಚದಲ್ಲಿ ತಿನ್ನತೊಡಗಿದರು. ತಿನ್ನುತ್ತಾ ನಮ್ಮ ಹತ್ತಿರ ಮಾತಾಡಿದರು. ಇಬ್ಬರೂ ಒಂದೇ ಅಳತೆಯವರು, ಕಂಪನಿಯ ಅದೇ ನೀಲಿ ಅಂಗಿ. ಅಂಗಿಗಳು ಹಿಂದೆ ಒಂದೇ ಹಗ್ಗದಲ್ಲಿ ಒಣಗುತ್ತಿದ್ದವು.

ಅದೇ ವಾರ ನಾನೂ ಮೈಮೂನಾಳೂ ಶುರು ಮಾಡಿದೆವು. ಇಲ್ಲಿ ಟರ್ಕಿ ಎಲ್ಲಿಂದ ತರುವುದು? ಬಸ್ಸಿಳಿದಲ್ಲೇ ಮೈಮೂನಾಳಿಗೆ ಪರಿಚಯದ ಕೋಳಿ ಅಂಗಡಿ ಇತ್ತು. ಅಲ್ಲಿಯದು ಹಲಾಲ್, ಹಾಗಾಗಿ ಅವಳಿಗೂ ಆಗುತ್ತದೆ, ನನಗೂ ಆಗುತ್ತದೆ. ಕೀಮಾ ಮಾಡಿಸಿಕೊಂಡು ಬರುವುದು, ಬೇಗ ಬೇಯುವ ಬೆಳ್ತಿಗೆ ಅಕ್ಕಿ ಕುಕ್ಕರಿಗೆ ಹಾಕಿ ಸೀಟಿ ಹೊಡೆಸುವುದು. ಅವಳು ಬೀನ್ಸ್ ಹೆಚ್ಚುವಾಗ ನಾನು ಬಾಣಲೆ ನೋಡಿಕೊಳ್ಳುತ್ತಿದ್ದೆ. ಅನ್ನ ಆರುವುದರೊಳಗೆ ಊಟ ತಯಾರು. ಒಂದು ಒಲೆ, ಒಂದು ಬಾಣಲೆ, ತೊಳೆಯಲು ನಾಲ್ಕು ಬೋಗುಣಿ. ನನಗೆ ಸೋಮವಾರ ಕೋಳಿ ಮೀನು ಆಗುವುದಿಲ್ಲ. ಅಂಥ ದಿನ ಅವಳು ಸೋಯಾ ಉಂಡೆಗಳನ್ನು ಬಿಸಿನೀರಲ್ಲಿ ನೆನೆಸಿ ಹಿಂಡಿ ಪುಡಿ ಮಾಡಿ, ಅದನ್ನೇ ಕೀಮಾ ಎಂದು ಮಕ್ಕಳನ್ನು ನಂಬಿಸಿಬಿಡುತ್ತಿದ್ದಳು. ರಿಫಾನ್ ನನ್ನ ತೊಡೆಯ ಮೇಲೆ ಕೂತು ತಿನ್ನುತ್ತಿದ್ದ, ಹೊರಗೆ ಮಳೆ ಸುರಿಯುತ್ತಿತ್ತು. ಗಂಡಂದಿರು ದೂರವಿದ್ದರೂ ಆ ದಿನಗಳಲ್ಲಿ ನಾನು ಸುಖವಾಗಿದ್ದೆ ಎಂದು ಈಗ ಅನ್ನಿಸುತ್ತದೆ.

ಒಂದು ಸಂಜೆ ಕೀಮಾ ಒಲೆಯ ಮೇಲಿತ್ತು. ಇನ್ನೂ ನೀರು ಆರಿರಲಿಲ್ಲ. ಗೇಟು ತೆರೆದ ಸದ್ದಾಯಿತು. ಮೈಮೂನಾಳ ಅಣ್ಣ ಮಳೆಯಲ್ಲಿ ನೆನೆದುಕೊಂಡು ಬಂದಿದ್ದರು. ಬಂದರಿನ ಹತ್ತಿರ ಅವರಿಗೆ ಅಂಗಡಿ. ಆ ಹೊತ್ತಿಗೆ ಅಂಗಡಿ ಬಿಟ್ಟು ಬರುವವರೇ ಅಲ್ಲ. ಚಪ್ಪಲಿ ಬಿಚ್ಚದೆ ನಿಂತು, ತಂಗಿಯ ಮುಖ ನೋಡದೆ, ನನ್ನನ್ನೇ ನೋಡುತ್ತಾ ಹೇಳಿದರು.

"ಅಲ್ಲಿ ಕಂಪನಿಯ ವ್ಯಾನ್ ಪಲ್ಟಿ ಆಗಿದೆ. ಸೈಟಿಗೆ ಹೋಗುವಾಗ. ನಿಮ್ಮ ಯಜಮಾನರು ಆಸ್ಪತ್ರೆಯಲ್ಲಿ, ಸೀರಿಯಸ್. ಹಮೀದ್..."

ಮೈಮೂನಾ ಕೈಯಲ್ಲಿದ್ದ ಚಾಕು ಕೆಳಗಿಟ್ಟಳು. "ಹಮೀದ್ ಎಂತ?" ಎಂದು ಕೇಳಿದಳು. ಅಣ್ಣ ತಲೆ ಅಲ್ಲಾಡಿಸಿದರು. ಬಾಣಲೆ ಸೀದುಹೋಗಿ ಅಡಿಗೆಮನೆ ತುಂಬ ಹೊಗೆಯಾದದ್ದು ಯಾರಿಗೂ ಗೊತ್ತಾಗಲಿಲ್ಲ. ಕೊನೆಗೆ ಧನ್ಯಾ ಬಂದು ಗ್ಯಾಸ್ ಆರಿಸಿದಳು.

ಮರುದಿನದಿಂದ ಮೇಲಿನ ಮನೆ ತುಂಬ ಜನ. ದೇಹ ಊರಿಗೆ ತರಲು ಕಾಗದಪತ್ರ, ವಿಮಾನ ಎಂದು ತುಂಬ ತಡವಾಗುತ್ತದೆ, ಅಲ್ಲೇ ದಫನ್ ಮಾಡುವುದು ಒಳ್ಳೆಯದು ಎಂದು ಹಿರಿಯರು ಹೇಳಿದರು. ಮೈಮೂನಾಳ ಅಣ್ಣ ಒಪ್ಪಿಗೆ ಕೊಟ್ಟರು. ಅಲ್ಲಿ ಮಣ್ಣಾಯಿತು. ಇಲ್ಲಿ ಮೈಮೂನಾ ಇದ್ದತ್ ಕೂತಳು, ಗಂಡ ತೀರಿಕೊಂಡ ಹೆಂಗಸು ಹೊರಗೆ ಬಾರದೆ ಕೋಣೆಯಲ್ಲೇ ಕಳೆಯುವ ದಿನಗಳು. ನಾನು ಗಂಜಿ ಮಾಡಿ ಮೇಲಕ್ಕೆ ಒಯ್ಯುತ್ತಿದ್ದೆ. ಅವಳು ಒಂದು ಚಮಚ ಕುಡಿದು ಪಾತ್ರೆ ಸರಿಸುತ್ತಿದ್ದಳು.

"ನಿಮ್ಮವರು ಹೇಗಿದ್ದಾರೆ ಅಕ್ಕ?" ಎಂದು ಪ್ರತಿ ಸಲ ಕೇಳುತ್ತಿದ್ದಳು. ತನ್ನ ಆ ಸಂಕಟದಲ್ಲೂ ಕೇಳುತ್ತಿದ್ದಳು. "ಇನ್ನೂ ಎಚ್ಚರ ಇಲ್ಲ" ಎನ್ನುತ್ತಿದ್ದೆ. "ಸರಿ ಆಗ್ತಾರೆ, ನೋಡಿ ಬೇಕಾದ್ರೆ" ಎಂದು ನನ್ನ ಕೈ ಹಿಡಿಯುತ್ತಿದ್ದಳು. ನಾನೂ ಅವಳ ಬೆನ್ನು ಸವರಿ, ರಿಫಾನ್‌ಗಾಗಿ ನೀನು ಗಟ್ಟಿ ಆಗ್ಬೇಕು ಎಂದು ಏನೇನೋ ಹೇಳುತ್ತಿದ್ದೆ. ಮೆಟ್ಟಿಲಿಳಿದು ಬರುವಾಗ, ನನ್ನವರು ಉಸಿರಾಡುತ್ತಿದ್ದಾರಲ್ಲ ಎಂಬ ಸಮಾಧಾನ ಎದೆಯಲ್ಲಿರುತ್ತಿತ್ತು.

ಆಸ್ಪತ್ರೆಯ ನರ್ಸೊಬ್ಬಳು ಕೇರಳದವಳು. ನಾನು ದಿನಾ ಫೋನ್ ಮಾಡಿ ಕಾಡುವುದನ್ನು ನೋಡಿ, ಒಂದು ಮಧ್ಯಾಹ್ನ ತಾನಾಗಿಯೇ ವಿಡಿಯೋ ಕಾಲ್ ಮಾಡಿದಳು. ಅಂಗಡಿಗೆ ರಜೆ ಹಾಕಿ ಮನೆಯಲ್ಲೇ ಇದ್ದೆ. ಧನ್ಯಾ ಶಾಲೆಯಲ್ಲಿದ್ದಳು. ಫೋನಿನೊಳಗೆ ಬಿಳಿ ಬ್ಯಾಂಡೇಜು, ಊದಿದ ಕಣ್ಣು, ಬಾಯಿಗೆ ಪೈಪು. ಯಾರ ಮುಖವೂ ಆಗಬಹುದಿತ್ತು. ನಾನು "ಹೋಯ್, ನಾನು, ನಾನು ಹರಿಣಾಕ್ಷಿ" ಎಂದು ಕರೆಯುತ್ತಾ ಹೋದೆ. ನರ್ಸು ಹಿಂದಿಯಲ್ಲಿ, ಧೈರ್ಯ ತಗೊಳ್ಳಿ, ಕೈ ನೋಡಿ, ಕೈಗೆ ಏನೂ ಆಗಿಲ್ಲ ಎಂದು ಫೋನನ್ನು ಕೆಳಗೆ ತಂದಳು.

ಹಾಸಿಗೆಯ ಮೇಲೆ ಬಲಗೈ ಇತ್ತು. ಐದು ಬೆರಳೂ ಪೂರ್ತಿ ಇದ್ದವು.

ಮೊದಲು ನನಗೆ ಅರ್ಥವೇ ಆಗಲಿಲ್ಲ. ಎಡಗೈ ತೋರಿಸುತ್ತಿದ್ದಾಳೆ ಎಂದುಕೊಂಡೆ. ಇನ್ನೊಂದು ಕೈ ತೋರಿಸು ಎಂದೆ. ತೋರಿಸಿದಳು. ಅದೂ ಪೂರ್ತಿಯೇ. ಫೋನನ್ನು ಬಾಯಿಯ ಹತ್ತಿರ ತಂದು ಹೇಳಿದೆ.

"ಸಿಸ್ಟರ್, ಅವರ ಕಿವಿಯ ಹತ್ತಿರ ಹೋಗಿ ಹಮೀದ್ ಅಂತ ಕರೀರಿ."

ಅವಳು ತಡವರಿಸಿದಳು. ಇವರು ಜಗದೀಶ ಅಲ್ಲವೇ ಎಂದು ಕೇಳಿದಳು. ಕರೀರಿ ಎಂದು ಕೂಗಿದೆ. ಅವಳು ಬಗ್ಗಿ ಕರೆದಳು. ಎರಡನೆಯ ಸಲ ಕರೆದಾಗ ಊದಿದ ರೆಪ್ಪೆ ಅದುರಿತು. ಆ ಪೂರ್ತಿ ಬೆರಳುಗಳು ಹಾಸಿಗೆಯಿಂದ ಸ್ವಲ್ಪ ಮೇಲೆದ್ದವು.

ಆಮೇಲೆ ತಿಳಿದದ್ದು ಇಷ್ಟೇ. ಅವತ್ತು ಬೆಳಿಗ್ಗೆ ಹಗ್ಗದಿಂದ ಎಳೆದುಕೊಂಡ ಅಂಗಿ ಅದಲುಬದಲಾಗಿತ್ತು. ಕಂಪನಿಯ ಪ್ಲಾಸ್ಟಿಕ್ ಕಾರ್ಡು ಅಂಗಿಯ ಜೇಬಿಗೇ ಹೊಲಿದಿರುವುದು, ಒಗೆಯುವಾಗಲೂ ಬಿಚ್ಚುವುದಿಲ್ಲ. ಬಂದ ಸೂಪರ್‌ವೈಸರ್ ಹೊಸಬ, ಕಾರ್ಡು ನೋಡಿ ಹೆಸರು ಬರೆಸಿದ. ಸತ್ತವರ ಮುಖ ಗುರುತಿಸುವ ಸ್ಥಿತಿಯಲ್ಲಿರಲಿಲ್ಲವಂತೆ. ರೂಮಿನ ಉಳಿದವರಿಗೆ ಒಳಗೆ ಹೋಗಲು ಬಿಟ್ಟಿರಲಿಲ್ಲ.

ಆದರೆ ಆ ಮಧ್ಯಾಹ್ನ ಇದೆಲ್ಲ ಯಾರಿಗೂ ಗೊತ್ತಿರಲಿಲ್ಲ. ಇಡೀ ಊರಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಫೋನ್ ಕೈಯಲ್ಲಿ ಹಿಡಿದು ಎಷ್ಟು ಹೊತ್ತು ನೆಲದ ಮೇಲೆ ಕೂತಿದ್ದೆನೋ ತಿಳಿಯದು. ಮೇಲಿನಿಂದ ಹೆಂಗಸರು ಕುರಾನ್ ಓದುವ ದನಿ ಕೇಳುತ್ತಿತ್ತು. ನಾನು ಬಾಯಿ ಬಿಡುವ ತನಕ ನನ್ನ ಗಂಡ ಬದುಕಿದ್ದಾರೆ ಎಂದು ಒಮ್ಮೆ ಅನ್ನಿಸಿತು. ಅಷ್ಟರಲ್ಲಿ ಓದುವುದು ನಿಂತು ಮೈಮೂನಾ ಅಳುವುದು ಕೇಳಿಸಿತು. ಎದ್ದು ಮೆಟ್ಟಿಲು ಹತ್ತಿದೆ.

ಬಿಳಿ ಬಟ್ಟೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಉಳಿದವರು ನನಗೆ ಜಾಗ ಬಿಟ್ಟರು. ಅವಳೆದುರು ಕೂತು ಹೇಳಿದೆ.

"ಮೈಮೂನಾ, ಹಮೀದ್ ಇದ್ದಾರೆ. ಸತ್ತಿಲ್ಲ. ನಾನೀಗ ನೋಡಿದೆ."

ಅವಳ ಚಿಕ್ಕಮ್ಮ ನನ್ನ ಭುಜ ಹಿಡಿದು, "ಪಾಪ, ನಿದ್ದೆ ಇಲ್ಲ ಇವರಿಗೆ" ಎಂದರು. ನಾನು ಕೈ ಬಿಡಿಸಿಕೊಂಡೆ.

"ಆಸ್ಪತ್ರೆಯಲ್ಲಿ ಇರುವುದು ನಿನ್ನ ಗಂಡ. ಹೆಬ್ಬೆರಳು ಪೂರ್ತಿ ಉಂಟು. ಹೆಸರು ಕರೆದಾಗ ಕೈ ಎತ್ತಿದ್ರು."

ಮೈಮೂನಾ ನನ್ನನ್ನೇ ದಿಟ್ಟಿಸಿದಳು. ಕಣ್ಣಿನಲ್ಲಿ ಏನೋ ಹೊತ್ತಿಕೊಂಡಿತು. ಅದು ಮುಖಕ್ಕೆ ಹರಡುವ ಮೊದಲೇ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

"ಹಾಗಾದ್ರೆ ಜಗದೀಶಣ್ಣ?" ಎಂದಳು.

ನಾನು ಅವಳ ಮೊಣಕಾಲ ಮೇಲೆ ತಲೆ ಇಟ್ಟೆ.

ನಂತರ ನನ್ನ ಮನೆ ತುಂಬ ಜನ. ಯಜಮಾನರ ಅಣ್ಣ, ಅಂದರೆ ನನ್ನ ಭಾವ, ಬೆಳಿಗ್ಗೆಯಿಂದ ಸಂಜೆಯವರೆಗೆ ಅಂಗಳದಲ್ಲಿ ಫೋನ್ ಹಿಡಿದು ತಿರುಗಾಡುತ್ತಿದ್ದರು. ಅವರಿಗೆ ತಮ್ಮ ಸತ್ತ ದುಃಖಕ್ಕಿಂತ ಹೆಚ್ಚು ಸುಡುತ್ತಿದ್ದದ್ದು ಬೇರೆ.

"ನಮ್ಮವನನ್ನು ಅವರ ಗುಂಡಿಗೆ ಹಾಕಿದ್ದಾರೆ. ಬೆಂಕಿ ಇಲ್ಲ, ಬೂದಿ ಇಲ್ಲ. ನೀನು ಒಂದು ಸೈನ್ ಹಾಕು ಹರಿಣಿ, ಹೊರಗೆ ತೆಗೆಸುವ. ಎಷ್ಟು ದಿನ ಬೇಕಾದ್ರೂ ಆಗ್ಲಿ. ಮತ್ತೆ ನೀನು ಈ ಮನೆಯಲ್ಲಿ ಇರುವುದೂ ಬೇಡ."

ಭಾವನ ಜೊತೆ ಬಂದಿದ್ದ ಗುರುತಿಲ್ಲದ ಇಬ್ಬರು, ಇದನ್ನು ದೊಡ್ಡ ವಿಷಯ ಮಾಡಬಹುದು ಎಂದು ಮಾತಾಡಿಕೊಳ್ಳುತ್ತಿದ್ದರು. ನಮ್ಮ ಊರಲ್ಲಿ ವಿಷಯ ದೊಡ್ಡದಾದರೆ ಎಲ್ಲಿಗೆ ಮುಟ್ಟುತ್ತದೆ ಎಂದು ನನಗೆ ಗೊತ್ತಿತ್ತು. ಮೇಲಿನ ಮನೆಯ ಕಿಟಕಿ ಮುಚ್ಚಿತ್ತು. ರಿಫಾನ್ ಆಡುವ ಸದ್ದೂ ಇರಲಿಲ್ಲ.

"ಬೇಡ ಭಾವ" ಎಂದೆ.

"ಎಂತ ಬೇಡ?"

"ಅವರನ್ನು ಪುನಃ ಅಗೆದು ತೆಗೆಯುವುದು ಬೇಡ. ಯಾರೋ ಗುರುತು ಪರಿಚಯ ಇಲ್ಲದವರು ಅವರನ್ನು ಸ್ನಾನ ಮಾಡಿಸಿ, ಬಟ್ಟೆ ಸುತ್ತಿ, ಹೆಗಲು ಕೊಟ್ಟು ಕರ್ಕೊಂಡು ಹೋಗಿದ್ದಾರೆ. ನಾವು ಮಾಡ್ಲಿಕ್ಕೆ ಆಗಲಿಲ್ಲ, ಅವರು ಮಾಡಿದ್ರು. ಸಾಕು."

ಭಾವ ಬೈದರು. ನಾನು ಸೈನ್ ಹಾಕಲಿಲ್ಲ. ಫೋಟೋ ಎದುರಿಟ್ಟು ಉತ್ತರಕ್ರಿಯೆ ಮುಗಿಸಿದೆವು. ಭಾವ ಆಮೇಲೆ ನಮ್ಮ ಮನೆಗೆ ಬರಲಿಲ್ಲ, ಇವತ್ತಿನವರೆಗೂ ಬಂದಿಲ್ಲ. ಅವತ್ತು ಅಷ್ಟು ಗಟ್ಟಿಯಾಗಿ ಹೇಳಿದೆನಾದರೂ, ಎಷ್ಟೋ ದಿನ ಬಸ್ಸಿನಲ್ಲಿ ಕೂತಿದ್ದಾಗ ಅವರು ಮಲಗಿರುವ ಆ ಮರುಭೂಮಿಯ ಮರಳು ನೆನಪಾಗಿ, ತೆಗೆಸಬೇಕಿತ್ತೇನೋ ಎಂದು ಒದ್ದಾಡಿದ್ದೇನೆ.

ಕೆಲಸಕ್ಕೆ ಮರಳಿದೆ. ಮನೆಗೆ ಬಂದರೆ ಗಂಜಿ, ಉಪ್ಪಿನಕಾಯಿ. ಧನ್ಯಾ ಏನೂ ಕೇಳುತ್ತಿರಲಿಲ್ಲ, ಹಾಕಿದ್ದನ್ನು ತಿನ್ನುತ್ತಿದ್ದಳು. ಮೈಮೂನಾ ಕೆಳಗೆ ಬರುವುದನ್ನು ನಿಲ್ಲಿಸಿದ್ದಳು. ಬಾಗಿಲ ಮುಂದೆ ಮುಚ್ಚಿದ ಪಾತ್ರೆಯಲ್ಲಿ ಏನಾದರೂ ಇಟ್ಟು, ಬೆಲ್ ಮಾಡಿ, ನಾನು ಬರುವುದರೊಳಗೆ ಮೆಟ್ಟಿಲು ಹತ್ತಿಬಿಡುತ್ತಿದ್ದಳು. ಹಮೀದ್‌ಗೆ ಎಚ್ಚರವಾಗಿತ್ತು, ಮಾತು ಬಂದಿತ್ತು. ಮೇಲೆ ಫೋನಿನಲ್ಲಿ ಅವಳು ಪಿಸುಗುಟ್ಟುವುದು ನನಗೆ ಕೇಳುತ್ತಿತ್ತು. ಒಮ್ಮೆ ರಿಫಾನ್ ಅಪ್ಪನ ದನಿ ಕೇಳಿ ಜೋರಾಗಿ "ಉಪ್ಪಾ" ಎಂದು ಕೂಗಿದ, ತಕ್ಷಣ ಅವಳು ಅವನ ಬಾಯಿ ಮುಚ್ಚಿದ್ದೂ ತಿಳಿಯಿತು. ಅವಳು ಸಣ್ಣ ದನಿಯಲ್ಲಿ ಮಾತಾಡಿದಷ್ಟೂ ನನಗೆ ಸಿಟ್ಟು ಬರುತ್ತಿತ್ತು. ಜೋರಾಗಿ ನಕ್ಕಿದ್ದರೂ ಬರುತ್ತಿತ್ತು. ಅವಳು ಏನು ಮಾಡಿದ್ದರೂ ನನಗೆ ಆಗುತ್ತಿರಲಿಲ್ಲ.

ಜುಲೈ ಕೊನೆ, ಆಟಿ ತಿಂಗಳ ಒಂದು ಸಂಜೆ. ಮಳೆ ಹೇಗೆ ಹೊಡೆಯುತ್ತಿತ್ತೆಂದರೆ ಎದುರಿನ ಅಂಗಡಿ ಕಾಣುತ್ತಿರಲಿಲ್ಲ. ನಾನು ಬಸ್ಸಿನ ಮುಂದಿನ ಬಾಗಿಲಲ್ಲಿ ಇಳಿದು ನಾಲ್ಕು ಹೆಜ್ಜೆ ಹೋಗಿ, ಸೆರಗು ಸರಿಮಾಡಲು ತಿರುಗಿದೆ. ಹಿಂದಿನ ಬಾಗಿಲಿನಿಂದ ಇಳಿದ ಮೈಮೂನಾ, ಮುಚ್ಚಿದ ಅಂಗಡಿಯೊಂದರ ಕೆಳಗೆ ಗೋಡೆಗೆ ಅಂಟಿಕೊಂಡು ನಿಂತಿದ್ದಳು. ಕೈಯಲ್ಲಿ ಕೊಡೆ ಇತ್ತು, ಬಿಡಿಸಿರಲಿಲ್ಲ. ನಾನು ಮುಂದೆ ಹೋಗಲಿ ಎಂದು ಕಾಯುತ್ತಿದ್ದಳು. ಪ್ರತಿ ದಿನ ಹೀಗೇ ಮಾಡುತ್ತಿದ್ದಳೆಂದು ಆಗ ಹೊಳೆಯಿತು. ಅದೇ ಬಸ್ಸಿನಲ್ಲಿ ಬಂದು, ನನ್ನ ಬೆನ್ನು ಮರೆಯಾಗುವ ತನಕ ಮಳೆಯಲ್ಲಿ ನಿಂತು, ಆಮೇಲೆ ಮನೆಗೆ ಬರುತ್ತಿದ್ದಳು.

ವಾಪಸ್ಸು ಹೋದೆ.

"ಎಂತ ಮೈಮೂನಾ, ಅಡಗಿ ಕೂತ್ಕೊಳ್ಳುದಾ?"

ಅವಳು ನೆಲ ನೋಡಿದಳು. "ನನಗೆ ನಿಮ್ಮ ಮುಖ ನೋಡ್ಲಿಕ್ಕೆ ಆಗುದಿಲ್ಲ ಅಕ್ಕ."

"ನನಗೂ ನಿನ್ನ ಮುಖ ನೋಡ್ಲಿಕ್ಕೆ ಆಗುದಿಲ್ಲ" ಎಂದೆ. ಅದು ನಿಜವೇ ಆಗಿತ್ತು. "ಆದ್ರೆ ಮಕ್ಕಳು ಹಸಿದು ಕೂತಿದ್ದಾವೆ. ನಿನ್ನ ಕೋಳಿ ಅಂಗಡಿ ತೆರೆದುಂಟಾ ನೋಡು. ಕೀಮಾ ತಗೊಳ್ಳುವ."

ಅವಳು ಅಲ್ಲೇ ಅಳಲು ಶುರುಮಾಡಿದಳು. ನಾನು ಅವಳ ಕೊಡೆ ಕಿತ್ತುಕೊಂಡು ಬಿಡಿಸಿ ಅವಳ ಕೈಗೇ ಕೊಟ್ಟೆ.

ಆ ಸಂಜೆ ಅವಳು ನನ್ನ ಜೊತೆಗೇ ಅಡಿಗೆಮನೆಗೆ ಬಂದಳು. ಅವಳು ಬೀನ್ಸ್ ಹೆಚ್ಚಿದಳು, ನಾನು ಬಾಣಲೆ ಕಾಯಿಸಿದೆ. ಕೀಮಾ ನೀರು ಬಿಟ್ಟಿತು. ಕೈ ಆಡಿಸದೆ ನಿಂತು ಆ ನೀರು ಆರುವುದನ್ನು ನೋಡಿದೆ. ಸೋಯಾ ಸಾಸಿನ ಬಾಟಲಿ ಎತ್ತಿ ಹಾಗೇ ಹಿಡಿದುಕೊಂಡೆ. ಮೈಮೂನಾ ತೆಗೆದುಕೊಂಡು ಒಂದು ಚಮಚ ಹಾಕಿದಳು. ಧನ್ಯಾ ತುಂಬ ದಿನದ ಮೇಲೆ ಎರಡನೆಯ ಸಲ ಬಡಿಸಿಕೊಂಡಳು. ನಾನೂ ತಿಂದೆ. ಮರುದಿನವೂ ಮಾಡಿದೆವು. ಆಮೇಲೆ ಮೀನಿನ ಬೋಟುಗಳು ಹೊರಟ ಮೇಲೂ ಅದನ್ನೇ ಮಾಡುತ್ತಿದ್ದೆವು. ಯೋಚನೆ ಮಾಡದೆ ಬೇಯಿಸಬಹುದಾದ ಅಡಿಗೆ ಅದೊಂದೇ ಉಳಿದಿತ್ತು. ಸಂಬಂಧ ಮೊದಲಿನಂತೆ ಆಯಿತೆಂದು ಹೇಳಲಾರೆ. ಒಟ್ಟಿಗೆ ಊಟವಂತೂ ಆಗುತ್ತಿತ್ತು.

ಹಮೀದ್ ಊರಿಗೆ ಬಂದದ್ದು ಚಳಿ ಶುರುವಾದ ಮೇಲೆ. ವಿಮಾನ ನಿಲ್ದಾಣದಿಂದ ಬಂದ ಕಾರು ಗೇಟಿನ ಮುಂದೆ ನಿಂತಿತು. ಕಂಕುಳಲ್ಲಿ ಊರುಗೋಲು, ಒಂದು ಕಾಲು ಮಡಚಲು ಬರುತ್ತಿರಲಿಲ್ಲ, ಹಣೆಯಿಂದ ಕಿವಿಯವರೆಗೆ ಹೊಲಿಗೆಯ ಗುರುತು. ಮೈಮೂನಾ, ರಿಫಾನ್ ಮೆಟ್ಟಿಲ ಬಳಿ ಕಾಯುತ್ತಿದ್ದರೂ ಮೊದಲು ಬಂದದ್ದು ನನ್ನ ಬಾಗಿಲಿಗೆ. ಒಳಗೆ ಕರೆದೆ. ಊಟದ ಮೇಜಿನ ಹತ್ತಿರ ಕುರ್ಚಿ ಎಳೆದುಕೊಟ್ಟೆ. ನೀರು ಕೊಟ್ಟೆ, ಅರ್ಧ ಕುಡಿದರು.

"ಬರುವ ಮೊದಲು ಅಲ್ಲಿಗೆ ಹೋಗಿದ್ದೆ ಅಕ್ಕ" ಎಂದರು. "ಹುಡುಕ್ಲಿಕ್ಕೆ ಕಷ್ಟ ಆಯ್ತು. ಎಲ್ಲ ಒಂದೇ ಥರ ಮರಳು. ಒಂದು ಸಣ್ಣ ತಗಡಿನ ಬೋರ್ಡ್ ಉಂಟು. ಅದರಲ್ಲಿ ನನ್ನ ಹೆಸರಿತ್ತು."

ನಾನು ಮೇಜಿನ ಅಂಚು ಹಿಡಿದುಕೊಂಡೆ.

"ನನ್ನ ಹೆಸರಿನ ಎದುರು ನಿಂತು ನನಗೆ ಎಂತ ಮಾಡುದು ಅಂತಲೇ ಗೊತ್ತಾಗಲಿಲ್ಲ. ಆಮೇಲೆ ಉಜ್ಜಿ ತೆಗೆದೆ. ಕಪ್ಪು ಪೇಂಟ್ ತಗೊಂಡು ಹೋಗಿದ್ದೆ. ಇವರ ಹೆಸರು ಬರೆದೆ."

"ಅರಬ್ಬಿಯಲ್ಲಾ?"

"ಅರಬ್ಬಿಯಲ್ಲಿ ಬರೀಬಹುದಿತ್ತು. ಆದ್ರೆ ಅದು ಅವರಿಗೆ ಓದ್ಲಿಕ್ಕೆ ಬರೂದಿಲ್ಲ ಅಲ್ವಾ ಅಕ್ಕ? ಕನ್ನಡದಲ್ಲೇ ಬರೆದೆ. ಅಲ್ಲಿ ಕಾವಲಿಗೆ ಇದ್ದವ ಬಂದು ಇದು ಯಾವ ಭಾಷೆ ಅಂತ ಕೇಳಿದ. ನಮ್ಮ ಊರಿಂದು ಅಂದೆ."

ಅದೇಕೆ ಅದನ್ನೇ ಕೇಳಿದೆನೋ ಗೊತ್ತಿಲ್ಲ.

"‘ದಿ’ಗೆ ದೀರ್ಘ ಕೊಟ್ಟಿದ್ದೀರಾ? ಜಗದೀಶ. ಸುಮಾರು ಜನ ಬಿಡ್ತಾರೆ."

ಹಮೀದ್ ನನ್ನ ಮುಖ ನೋಡಿದರು. ಲೋಟದ ನೀರಿನಲ್ಲಿ ಬೆರಳು ಅದ್ದಿ, ಮೇಜಿನ ಮೇಲೆ ನಿಧಾನವಾಗಿ ಒಂದೊಂದೇ ಅಕ್ಷರ ಬರೆದರು. ಬರೆದು, ನನ್ನ ಕಡೆಗೆ ಕಾಣುವಂತೆ ತಮ್ಮ ಕೈ ಹಿಂದಕ್ಕೆ ತೆಗೆದರು.

ನೋಡಿದೆ.

"ಸರಿ ಉಂಟು" ಎಂದೆ.